ಕರಿಯನ ಊಟದ ಲೆಕ್ಕ

ಗುರುಗ್ರಾಮದಲ್ಲಿ ನಮ್ಮ ಅಣ್ಣನ ಮನೆಯಲ್ಲಿ ಒಂದು ನಾಯಿ ಇದೆ. ಕಪ್ಪು ಲ್ಯಾಬ್ರಡಾರ್ ಜಾತಿ. ನಾವಿಟ್ಟ ಹೆಸರು ಕರಿಯ. ಸೊಸೈಟಿಯ ಹಿಂದಿ ಮಂದಿ ಅದನ್ನೇ ಅನುವಾದ ಮಾಡಿಕೊಂಡು "ಕಾಲೂ, ಕಾಲೂ" ಅಂತ ಕರೀತಾರೆ. ಐದನೇ ತಿಂಗಳಿಗೆ ಅದರ ಕಾಲೇ ಕೈಕೊಟ್ಟಿತು! ಈಗ ನಗಬಹುದು, ಆಗ ನಗುವ ಹಾಗಿರಲಿಲ್ಲ.

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ನಾಯಿ ಕೂಳಿನ ಮಾತು ಯಾಕೆ ಎಂದು ಕೆಲವರು ಮೂಗು ಮುರಿಯಬಹುದು. ನಾನು ಡಾಕ್ಟರನೂ ಅಲ್ಲ, ವಿಜ್ಞಾನದ ವಿದ್ಯಾರ್ಥಿಯೂ ಅಲ್ಲ, ಜಮಾ-ಖರ್ಚು ಓದುವವನು. ಆದರೆ ಒಂದು ಮೂಕ ಪ್ರಾಣಿಯ ಗಂಗಾಳಕ್ಕೆ ಏನು ಹಾಕಬೇಕು, ಅದರ ಬಗ್ಗೆ ಹತ್ತು ಮಂದಿ ಹತ್ತು ಮಾತು ಹೇಳಿದಾಗ ಯಾರದನ್ನು ನಂಬಬೇಕು ಎಂಬುದು ಕೊನೆಗೂ ಒಂದು ಲೆಕ್ಕವೇ. ಆ ಲೆಕ್ಕದಲ್ಲಿ ನಾವು ಹೇಗೆ ತಪ್ಪಿದೆವು, ಹೇಗೆ ತಿದ್ದಿಕೊಂಡೆವು ಎಂದು ಬರೆದರೆ ಮನೆಯಲ್ಲಿ ನಾಯಿ ಸಾಕಿದ ನಾಲ್ಕು ಮಂದಿಗಾದರೂ ಉಪಯೋಗವಾದೀತು.

ಎರಡು ತಿಂಗಳ ಮರಿ ಮನೆಗೆ ಬಂದಾಗ ವೈನಿ ತಾವೇ ಅಡಿಗೆ ಮಾಡಿ ಹಾಕಲು ಶುರು ಮಾಡಿದರು. ಎಲುಬು ತೆಗೆದ ಕೋಳಿಮಾಂಸ, ಬಿಳಿ ಅನ್ನ, ಒಂದಿಷ್ಟು ಗಜ್ಜರಿ. ಉಪ್ಪಿಲ್ಲ, ಖಾರವಿಲ್ಲ. "ಅಂಗಡಿ ಕಾಳು ಯಾಕ ಹಾಕಬೇಕು? ಅದರಾಗ ಏನ ಇರತದೋ ಏನೋ. ನಾ ಮನಿಯಾಗ ಚೊಕ್ಕ ಮಾಡಿ ಹಾಕತೇನಿ" ಎಂದರು. ನಾವೆಲ್ಲ ಹೌದೆಂದೆವು. ಮರಿ ದುಂಡದುಂಡಗೆ ಬೆಳೆಯಿತು, ಮೈ ಮಿರಿಮಿರಿ ಮಿಂಚುತ್ತಿತ್ತು. ನಾಲ್ಕೂವರೆ ತಿಂಗಳಾದಾಗ ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡತೊಡಗಿತು. ಮುಂಗಾಲುಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದವು. ಒಂದು ದಿನ ಅಣ್ಣನ ಮಗಳು ಎತ್ತಿಕೊಳ್ಳಲು ಹೋದರೆ ಕುಂಯ್ಯೋ ಎಂದು ಚೀರಿ, ಮಂಚದ ಕೆಳಗೆ ಹೋಗಿ ಕೂತಿತು. ಇಡೀ ದಿನ ಹೊರಗೆ ಬರಲಿಲ್ಲ.

ಸಲಹೆಗಳಿಗೆ ಬರವೇ? ನಾಯಿ ಸಾಮಾನಿನ ಅಂಗಡಿಯವನು ಸುಣ್ಣದ ಸಿರಪ್ಪು ದಿನಕ್ಕೆ ಎರಡು ಹೊತ್ತು ಕುಡಿಸಿ ಅಂದ. ಪಕ್ಕದ ಫ್ಲಾಟಿನ ಅಂಕಲ್ "ನಾಯಿ ಅಂದರೆ ತೋಳದ ವಂಶ, ಅನ್ನ ನಿಲ್ಲಿಸಿ, ಹಸಿ ಮಾಂಸ ಹಾಕಿ" ಅಂದರು. ಊರಿಂದ ಅಪ್ಪ ಫೋನಿನಲ್ಲಿ, "ನಮ್ಮ ಹೊಲದಾಗಿನ ನಾಯಿ ಜ್ವಾಳದ ರೊಟ್ಟಿ ಮಜ್ಜಿಗಿ ತಿಂದು ಹದಿನಾಲ್ಕ ವರ್ಷ ಬದುಕೇದ. ನಿಮ್ಮದೇನ ಹೊಸಾದ?" ಎಂದರು. ಮೊದಲು ತೋರಿಸಿದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕ್ಯಾಲ್ಸಿಯಂ ಸರಿಯಾಗಿಯೇ ಇದೆ, ಹೆದರಬೇಡಿ ಎಂದು ಟಾನಿಕ್ ಬರೆದರು. ತಮ್ಮ ಕಪಾಟಿನಿಂದಲೇ ಒಂದು ಆಹಾರದ ಚೀಲವನ್ನೂ ಕೊಟ್ಟರು. ಮರಿ ಏನು ತಿನ್ನುತ್ತಿದೆ ಎಂದು ಅವರು ಕೇಳಲೂ ಇಲ್ಲ, ನಾವು ಹೇಳಲೂ ಇಲ್ಲ. ಚೀಲ ಮೂಲೆಯಲ್ಲಿ ಕೂತಿತು. ಕೋಳಿ ಅನ್ನ ಮುಂದುವರಿಯಿತು. ಹತ್ತು ದಿನದಲ್ಲಿ ಕರಿಯ ನಿಲ್ಲುವುದನ್ನೇ ಬಿಟ್ಟಿತು.

ಎರಡನೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ಮರಿಯನ್ನು ಮುಟ್ಟುವ ಮೊದಲು ವೈನಿಯ ಕೈಗೆ ಹಾಳೆ ಕೊಟ್ಟು, "ಕಳೆದ ಏಳು ದಿನ ಇದರ ಬಾಯಿಗೆ ಹೋದದ್ದೆಲ್ಲ ಬರೆಯಿರಿ. ಬಿಸ್ಕೀಟು, ಮಕ್ಕಳು ಮೇಜಿನ ಕೆಳಗೆ ಹಾಕಿದ್ದು, ಎಲ್ಲಾ" ಎಂದರು. ವೈನಿ ಬರೆದರು. ಆಮೇಲೆ ಎಕ್ಸ್‌ರೇ ಆಯಿತು. ಎಲುಬುಗಳು ಹಾಳೆಯ ಮೇಲೆ ಎದ್ದು ಕಾಣಬೇಕು. ಕರಿಯನ ಎಲುಬು ಮಾಂಸದ ನೆರಳಿನಷ್ಟೇ ಮಂಕಾಗಿತ್ತು. ಮುಂಗಾಲಿನಲ್ಲಿ ಒಂದು ಕಡೆ ಎಲುಬು ಬಾಗಿ ಸಣ್ಣಗೆ ಬಿರುಕು ಬಿಟ್ಟಿತ್ತು. "ಇದು ಹೊಟ್ಟೆಗೆ ಕಡಿಮೆಯಾಗಿ ಬಂದದ್ದಲ್ಲ. ತಪ್ಪು ಜೋಡಣೆಯ ಊಟದಿಂದ ಬಂದದ್ದು" ಎಂದರು. ವೈನಿ ಅಲ್ಲೇ ಅತ್ತುಬಿಟ್ಟರು.

ಅವರು ವಿವರಿಸಿದ್ದನ್ನು ನಾನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಮೈಯಲ್ಲಿ ಸುಣ್ಣದ ಅಂಶಕ್ಕೆ, ಅಂದರೆ ಕ್ಯಾಲ್ಸಿಯಂಗೆ, ಎರಡು ಖಾತೆ ಇವೆ. ರಕ್ತ ಎಂಬುದು ಚಾಲ್ತಿ ಖಾತೆ. ಎಲುಬು ಎಂಬುದು ಠೇವಣಿ. ಚಾಲ್ತಿ ಖಾತೆಯಲ್ಲಿ ಬಾಕಿ ಒಂದು ಮಟ್ಟಕ್ಕಿಂತ ಇಳಿದರೆ ಹೃದಯ, ನರ, ಸ್ನಾಯು ಯಾವುದೂ ನಡೆಯದು. ಆದ್ದರಿಂದ ಊಟದಲ್ಲಿ ಜಮಾ ಕಡಿಮೆಯಾದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು ಠೇವಣಿಯನ್ನು ಮುರಿದು ಚಾಲ್ತಿಗೆ ತುಂಬುತ್ತವೆ. ಹೀಗೆ ದಿನಾ ಮುರಿದರೆ ಪಾಸ್‌ಬುಕ್ಕಿನಲ್ಲಿ ಚಾಲ್ತಿ ಬಾಕಿ ಸರಿಯಾಗೇ ಕಾಣುತ್ತದೆ, ಒಳಗೆ ಠೇವಣಿ ಖಾಲಿಯಾಗುತ್ತಿರುತ್ತದೆ. ಮೊದಲ ಡಾಕ್ಟರರ ರಕ್ತ ಪರೀಕ್ಷೆ ಸುಳ್ಳಾಗಿರಲಿಲ್ಲ. ಅದು ಚಾಲ್ತಿ ಖಾತೆಯ ಬಾಕಿ ಮಾತ್ರ ಹೇಳಿತ್ತು. ನಾವು ಅದನ್ನೇ ಆಸ್ತಿಪಟ್ಟಿ ಎಂದು ಓದಿಕೊಂಡೆವು.

ಕೋಳಿ ಅನ್ನದಲ್ಲಿ ಏನು ಕೊರತೆ? ಎಲುಬಿಲ್ಲದ 100 ಗ್ರಾಂ ಕೋಳಿಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ಹತ್ತು ಹದಿನೈದು ಮಿಲಿಗ್ರಾಂ ಮಾತ್ರ. ಬೆಳೆಯುವ ಮರಿಗೆ ಬೇಕಾದದ್ದು ರಂಜಕ ಒಂದು ಪಾಲಾದರೆ ಕ್ಯಾಲ್ಸಿಯಂ ಒಂದಕ್ಕಿಂತ ತುಸು ಹೆಚ್ಚು, ಎರಡನ್ನು ಮೀರದ ಹಾಗೆ. ಬಿಳಿ ಅನ್ನದಲ್ಲೂ ರಂಜಕವೇ ಮುಂದೆ, ಕ್ಯಾಲ್ಸಿಯಂ ನಾಮಮಾತ್ರ. ಅಂದರೆ ಎರಡೂ ಪದಾರ್ಥಗಳು ಒಂದೇ ಕಡೆಗೆ ವಾಲುತ್ತವೆ. ವೈನಿ ಚೊಕ್ಕ ಮಾಡಿ, ಎಲುಬು ಆರಿಸಿ, ಪ್ರೀತಿಯಿಂದ ಹಾಕಿದಷ್ಟೂ ಮರಿಯ ಎಲುಬು ಕರಗಿತ್ತು. ಕಾಡಿನ ತೋಳ ಬೇಟೆಯ ಮಾಂಸದ ಜತೆ ಎಲುಬನ್ನೂ ಕಡಿಯುತ್ತದೆ. ಪಕ್ಕದ ಫ್ಲಾಟಿನ ಅಂಕಲ್ ಹೇಳಿದ ತೋಳದ ಮಾತಿನಲ್ಲಿ ಆ ಎಲುಬೇ ಬಿಟ್ಟುಹೋಗಿತ್ತು.

ಹಾಗಾದರೆ ಅಂಗಡಿಯವನ ಸಿರಪ್ಪು ಸರಿಯೇ ಅಲ್ಲವೇ ಎಂದು ನಾನೂ ಕೇಳಿದೆ. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಇಂಥ ದೊಡ್ಡ ಜಾತಿಯ ಮರಿಗಳು ಮೊದಲ ತಿಂಗಳುಗಳಲ್ಲಿ ಬೇಡವಾದ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ತಡೆದು ನಿಲ್ಲಿಸಲಾರವು. ಸುರಿದಷ್ಟೂ ಒಳಗೆ ಹೋಗಿ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಕಡಿಮೆಯೂ ಕೇಡು, ಹೆಚ್ಚೂ ಕೇಡು. ಆದ್ದರಿಂದ ದೊಡ್ಡ ಜಾತಿಯ ಮರಿಗೆಂದೇ ಮಾಡಿದ ಪೂರ್ಣ ಆಹಾರ ಹಾಕಿ, ಅದರ ಮೇಲೆ ಯಾವ ಸಿರಪ್ಪೂ ಬೇಡ, ಆರು ವಾರ ಓಟ ಜಿಗಿತ ಬಂದ್ ಎಂದರು. ಬಿಸಿಲಿಗೆ ಕಟ್ಟಿದರೆ ಡಿ ಜೀವಸತ್ವ ಸಿಗುತ್ತದಲ್ಲ ಎಂದು ಅಣ್ಣ ಕೇಳಿದ. ಮನುಷ್ಯರ ಚರ್ಮದ ಹಾಗೆ ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವ ಮಾಡಿಕೊಳ್ಳುವುದಿಲ್ಲ. ಅದು ಊಟದಿಂದಲೇ ಬರಬೇಕು ಎಂದರು. ಗುರುಗ್ರಾಮದ ಮೇ ತಿಂಗಳ ಬಿಸಿಲಿಗೆ ಕಟ್ಟಿದ್ದರೆ ಏನಾಗುತ್ತಿತ್ತೋ!

ಈಗ ಅಪ್ಪನ ರೊಟ್ಟಿ ಮಜ್ಜಿಗೆಯ ಮಾತಿಗೆ ಬರೋಣ. ಅದರಲ್ಲಿ ಸತ್ಯ ಇಲ್ಲದೆ ಇಲ್ಲ. ತೋಳಕ್ಕೂ ನಾಯಿಗೂ ವಂಶ ಒಂದೇ, ಆದರೆ ಮನುಷ್ಯನ ಎಂಜಲು ತಿಂದು ಸಾವಿರಾರು ವರ್ಷ ಬಾಳಿದ ನಾಯಿಯ ಹೊಟ್ಟೆ ಬದಲಾಗಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಯಲ್ಲಿ ಅದರ ಹಲವು ಪಟ್ಟು ಇದ್ದವು. ಬೆಂದ ಅನ್ನ, ರೊಟ್ಟಿ, ಮುದ್ದೆ ನಾಯಿಗೆ ದಕ್ಕುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು. ತಿಮ್ಮಾಪುರದಲ್ಲಿ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಅದಕ್ಕಿದೆ. 2016ರಲ್ಲಿ ಸೈನ್ಯದವರು ತರಬೇತಿಗೆಂದು ಮೀರತ್ತಿಗೆ ಒಯ್ದರು. ಆ ಸೀಮೆಯ ರೈತರು ಅದನ್ನು ತಲೆತಲಾಂತರದಿಂದ ಜೋಳ, ಗೋವಿನಜೋಳ, ಹಾಲಿನ ಮೇಲೇ ಸಾಕಿದವರು.

ಆದರೆ ಅಪ್ಪನ ಲೆಕ್ಕದಲ್ಲಿ ಎರಡು ಕಲಮು ಬಿಟ್ಟಿವೆ. ಒಂದು, ಹೊಲದ ನಾಯಿ ನಾವು ಹಾಕಿದ್ದಷ್ಟನ್ನೇ ತಿನ್ನುವುದಿಲ್ಲ. ಇಲಿ, ಹಕ್ಕಿಮೊಟ್ಟೆ, ಸತ್ತ ದನದ ಎಲುಬು ಎಲ್ಲವೂ ಅದರ ಹೊಟ್ಟೆ ಸೇರುತ್ತವೆ. ನಮ್ಮ ಖಾತೆಯಲ್ಲಿ ಬರೆದದ್ದು ರೊಟ್ಟಿ ಮಾತ್ರ. ಹನ್ನೊಂದನೆಯ ಅಂತಸ್ತಿನ ಫ್ಲಾಟಿನ ನಾಯಿಗೆ ಆ ಮೇಲುಸಂಪಾದನೆ ಇಲ್ಲ. ಎರಡು, ಹದಿನಾಲ್ಕು ವರ್ಷ ಬದುಕಿದ ನಾಯಿಯನ್ನು ನಾವು ನೆನಪಿಡುತ್ತೇವೆ. ಅದರ ಜತೆ ಹುಟ್ಟಿ ಮರಿಯಾಗಿದ್ದಾಗಲೇ ಸತ್ತ ಐದನ್ನು ಯಾರೂ ಎಣಿಸಲಿಲ್ಲ. ಲಾಭ ಬಂದ ಅಂಗಡಿಗಳನ್ನು ಮಾತ್ರ ಎಣಿಸಿದರೆ ಎಲ್ಲ ವ್ಯಾಪಾರವೂ ಲಾಭದ್ದೇ.

ಇನ್ನು ಅಂಗಡಿ ಚೀಲದ ವಿಷಯ. ನಾಯಿಗೆಂದೇ ಬಿಸ್ಕೀಟು ಮಾಡಿ ಮಾರುವುದನ್ನು 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬವನು ಶುರು ಮಾಡಿದ. ಇವತ್ತಿನ ಉಬ್ಬಿದ ಕಾಳಿನ ರೂಪದ ಆಹಾರ ಅಮೆರಿಕದ ಅಂಗಡಿಗಳಿಗೆ ಬಂದದ್ದು 1957ರಲ್ಲಿ. ಚೀಲದ ಮುಂದಿನ ಮುಖದಲ್ಲಿ ಚಿತ್ರ, ಹಿಂದಿನ ಮುಖದಲ್ಲಿ ಲೆಕ್ಕ. ನಾವು ಓದಬೇಕಾದದ್ದು ಹಿಂದಿನದನ್ನು.

ಮೊದಲು "ಪೂರ್ಣ ಆಹಾರ" ಎಂದು ಇದೆಯೋ ಇಲ್ಲವೋ, ಯಾವ ವಯಸ್ಸಿನ ನಾಯಿಗೆ ಎಂದಿದೆ, ಇದನ್ನು ನೋಡಬೇಕು. ಬರೀ ತಿಂಡಿ ಅಥವಾ ಪೂರಕ ಎಂದಿದ್ದರೆ ಅದರ ಮೇಲೆ ನಾಯಿಯನ್ನು ಸಾಕಲಾಗದು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದವರ ಐಎಸ್ 11968 ಎಂಬ ಮಾನಕ ಇದೆ; ಅಮೆರಿಕದಲ್ಲಿ ಆಫ್ಕೋ ಎಂಬ ಅಧಿಕಾರಿಗಳ ಸಂಘ ಪೋಷಕಾಂಶಗಳ ಪಟ್ಟಿ ಮಾಡಿದೆ. ಒಂದು ಎಚ್ಚರ: ಆಫ್ಕೋದವರು ಯಾವ ಚೀಲವನ್ನೂ ಪರೀಕ್ಷೆ ಮಾಡಿ ಮುದ್ರೆ ಒತ್ತುವುದಿಲ್ಲ. ಅವರ ಪಟ್ಟಿಗೆ ಹೊಂದುತ್ತದೆ ಎಂದು ಹೇಳುವವನು ತಯಾರಕನೇ.

ಎರಡನೆಯದು ನೀರಿನ ಲೆಕ್ಕ. ಡಬ್ಬಿಯ ಆಹಾರದಲ್ಲಿ ಪ್ರೋಟೀನ್ ಶೇ. 8, ಒಣ ಕಾಳಿನಲ್ಲಿ ಶೇ. 24 ಎಂದು ಬರೆದಿದ್ದರೆ ಕಾಳೇ ಮೇಲೆಂದು ಕಾಣುತ್ತದೆ. ಆದರೆ ಡಬ್ಬಿಯಲ್ಲಿ ನೀರು ಶೇ. 80 ಎಂದಿಟ್ಟುಕೊಳ್ಳಿ. ಉಳಿದ 20ರಲ್ಲಿ 8 ಅಂದರೆ ಶೇ. 40. ಕಾಳಿನಲ್ಲಿ ನೀರು 10 ಇದ್ದರೆ ಉಳಿದ 90ರಲ್ಲಿ 24, ಅಂದರೆ ಶೇ. 27ಕ್ಕೂ ತುಸು ಕಡಿಮೆ. ನೀರು ಕಳೆದು ಹೋಲಿಸದಿದ್ದರೆ ಲೆಕ್ಕ ತಲೆಕೆಳಗು.

ಮೂರನೆಯದು, ಶೇಕಡಾ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಸರಕು ಒಳ್ಳೆಯದಲ್ಲ. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಈ ಸಂದಿನಲ್ಲೇ ಮೋಸ ನುಗ್ಗಿತು. 2007ರಲ್ಲಿ ಅಮೆರಿಕ ಕೆನಡಾಗಳಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಹುಡುಕಿದಾಗ ಚೀನಾದಿಂದ ತರಿಸಿದ ಗೋಧಿಯ ಅಂಟಿನಲ್ಲಿ ಮೆಲಮೈನ್ ಎಂಬ ರಾಸಾಯನಿಕ ಸಿಕ್ಕಿತು. ಮೆಲಮೈನ್ ಆಹಾರವೇ ಅಲ್ಲ, ಆದರೆ ಅದರ ತುಂಬ ಸಾರಜನಕ. ಬೆರೆಸಿದರೆ ಕಾಗದದ ಮೇಲೆ ಪ್ರೋಟೀನ್ ಹೆಚ್ಚಾಗಿ ಕಾಣುತ್ತದೆ. ಹಲವಾರು ಹೆಸರಿನ ಆಹಾರಗಳನ್ನು ಅಂಗಡಿಗಳಿಂದ ವಾಪಸು ತರಿಸಿಕೊಳ್ಳಬೇಕಾಯಿತು. ಕಾಮರ್ಸಿನವರಿಗೆ ಇದು ಹೊಸತೇನಲ್ಲ: ಅಳತೆಗೋಲು ತಿಳಿದವನು ಸರಕನ್ನು ಬಿಟ್ಟು ಅಳತೆಯನ್ನೇ ತುಂಬಿಸುತ್ತಾನೆ. ಅದಕ್ಕೇ ತಯಾರಕನ ವಿಳಾಸ, ತಯಾರಾದ ದಿನ, ತಂಡದ ಸಂಖ್ಯೆ ಇರುವ ಚೀಲವನ್ನೇ ಕೊಳ್ಳಬೇಕು. ಬಿಡಿಯಾಗಿ ತೂಗಿ ಕೊಡುವ ಕಾಳಿಗೆ ಊರೂ ಇಲ್ಲ, ಹೆಸರೂ ಇಲ್ಲ. ಈ ಕಡೆಯ ಸೆಕೆಗೆ ತೆರೆದಿಟ್ಟ ಕಾಳಿನ ಕೊಬ್ಬು ಕಮಟು ಹಿಡಿಯುತ್ತದೆ. ಅಗ್ಗವೆಂದು ದೊಡ್ಡ ಚೀಲ ತಂದು ಮೂರು ತಿಂಗಳು ಇಡುವುದಕ್ಕಿಂತ ಸಣ್ಣದನ್ನು ತಂದು ಬಾಯಿ ಬಿಗಿದಿಡುವುದೇ ಲೇಸು.

ಎಷ್ಟು ಹಾಕಬೇಕು? ಇದಕ್ಕೆ ಒಂದು ಸೂತ್ರ ಇದೆ. ನಾಯಿಯ ತೂಕವನ್ನು ಮೂರು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ತೆಗೆದು, 70ರಿಂದ ಗುಣಿಸಬೇಕು. 20 ಕಿಲೋ ನಾಯಿ ಎಂದರೆ 20×20×20 ಅಂದರೆ 8000, ವರ್ಗಮೂಲ 89.4, ಮತ್ತೆ ವರ್ಗಮೂಲ 9.46, 70ರಿಂದ ಗುಣಿಸಿದರೆ ಸುಮಾರು 662 ಕಿಲೋಕ್ಯಾಲೊರಿ. ಇದು ಸುಮ್ಮನೆ ಮಲಗಿದ್ದರೆ ಬೇಕಾಗುವ ಶಕ್ತಿ. ಶಸ್ತ್ರಚಿಕಿತ್ಸೆಯಾದ, ಬೆಳೆದ ಮನೆನಾಯಿಗೆ ಅದರ 1.6 ಪಟ್ಟು, ಅಂದರೆ 1060ರ ಆಸುಪಾಸು. ಬೆಳೆಯುವ ಮರಿಗೆ ಎರಡರಿಂದ ಮೂರು ಪಟ್ಟು. ಚೀಲದ ಮೇಲೆ ಕ್ಯಾಲೊರಿ ಬರೆದಿರದಿದ್ದರೂ ಚಿಂತೆಯಿಲ್ಲ. ಪ್ರೋಟೀನ್ 24, ಕೊಬ್ಬು 12, ನೀರು 10, ನಾರು 4, ಬೂದಿ 8 ಎಂದಿದ್ದರೆ ಉಳಿದ 42 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟಕ್ಕೆ 3.5ರಂತೆ, ಕೊಬ್ಬಿಗೆ 8.5ರಂತೆ ಗುಣಿಸಿ ಕೂಡಿಸಿ: 84, 147, 102, ಒಟ್ಟು 333. ಇದು 100 ಗ್ರಾಂಗೆ. ಹಾಗಾದರೆ ಆ 20 ಕಿಲೋ ನಾಯಿಗೆ ದಿನಕ್ಕೆ ಸುಮಾರು 320 ಗ್ರಾಂ.

ಬೆಲೆಯನ್ನೂ ಹೀಗೇ ಹೋಲಿಸಬೇಕು. ಒಂದು ಚೀಲ ಕಿಲೋಗೆ 300 ರೂಪಾಯಿ, 3200 ಕ್ಯಾಲೊರಿ. ಇನ್ನೊಂದು 420 ರೂಪಾಯಿ, 4000 ಕ್ಯಾಲೊರಿ ಎಂದಿಟ್ಟುಕೊಳ್ಳಿ. ಕಿಲೋ ಲೆಕ್ಕದಲ್ಲಿ ಎರಡನೆಯದು 120 ರೂಪಾಯಿ ತುಟ್ಟಿ. ಸಾವಿರ ಕ್ಯಾಲೊರಿಯ ಲೆಕ್ಕದಲ್ಲಿ 94ಕ್ಕೆ 105, ಅಂದರೆ ಹನ್ನೊಂದೇ ರೂಪಾಯಿ.

ಆದರೆ ಸೂತ್ರ ಬರೀ ಅಂದಾಜು ಪತ್ರ. ಲೆಕ್ಕ ತಪಾಸಣೆ ಮಾಡುವುದು ನಮ್ಮ ಕೈ. ಪಕ್ಕೆಯ ಮೇಲೆ ಹಗುರಾಗಿ ಕೈಯಾಡಿಸಿದರೆ ಎಲುಬು ಬೆರಳಿಗೆ ತಾಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿಂದ ನೋಡಿದರೆ ನಡು ಒಳಕ್ಕೆ ಸರಿದಿರಬೇಕು. ಮುಧೋಳದಂಥ ಬೇಟೆನಾಯಿಗಳಲ್ಲಿ ಪಕ್ಕೆಲುಬು ಕಾಣುವುದು ಜಾತಿಯ ಗುಣ. ಅವನ್ನು ಲ್ಯಾಬ್ರಡಾರಿಗೆ ಹೋಲಿಸಬಾರದು. ದುಂಡಗಿದ್ದರೆ ಆರೋಗ್ಯ ಎಂಬ ನಮ್ಮ ಭಾವನೆಯೇ ತಪ್ಪು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಹಾಕಿ ಬದುಕಿನುದ್ದಕ್ಕೂ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಕೀಲುನೋವೂ ಅವಕ್ಕೆ ತಡವಾಗಿ ಬಂತು. ಈ ಅಧ್ಯಯನ ಮಾಡಿಸಿದ್ದು ನಾಯಿ ಆಹಾರ ಮಾರುವ ಪ್ಯೂರಿನಾ ಕಂಪನಿಯೇ. ಮಾರುವವನ ಮಾತನ್ನು ಅನುಮಾನದಿಂದ ನೋಡಬೇಕು, ನಿಜ. ಆದರೆ ಮಾರುವವನೇ ಕಡಿಮೆ ಹಾಕಿ ಎಂದು ತನ್ನ ಲಾಭಕ್ಕೆ ವಿರುದ್ಧವಾಗಿ ಹೇಳಿದಾಗ ಆ ಮಾತಿಗೆ ತೂಕ ಹೆಚ್ಚು.

ಮನೆಯ ಅಡಿಗೆಯೇ ಹಾಕಬೇಕು ಎನ್ನುವವರು ಹಾಕಬಹುದು. ಆದರೆ ಪಶುವೈದ್ಯರಿಂದ ತೂಕದ ಸಮೇತ ಪಾಕ ಬರೆಸಿಕೊಂಡು ಹಾಕಬೇಕು. ನಮ್ಮ ರಾಗಿಯಲ್ಲಿ ಕ್ಯಾಲ್ಸಿಯಂ ಸಮೃದ್ಧ, 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ. ಆದರೆ ಅದರಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ಮೈಗೆ ಹತ್ತುವುದಿಲ್ಲ. ಅಂಬಲಿ ಹಾಕಿ, ಅದೊಂದನ್ನೇ ನಂಬಬೇಡಿ. ಗುರುಗ್ರಾಮದಲ್ಲಿ ಶಾಕಾಹಾರಿ ಮನೆಗಳು ಬಹಳ. ಬೆಕ್ಕಿಗೆ ಮಾಂಸವಿಲ್ಲದೆ ನಡೆಯದು. ನಾಯಿ ಹಾಗಲ್ಲ, ಸರಿಯಾಗಿ ಜೋಡಿಸಿದ ಶಾಕಾಹಾರದಲ್ಲಿ ಬದುಕೀತು. ಬರೀ ಹಾಲು ರೊಟ್ಟಿ ಮಾತ್ರ ಜೋಡಣೆಯಲ್ಲ. ಮೊಲೆ ಬಿಟ್ಟ ಮೇಲೆ ಎಷ್ಟೋ ನಾಯಿಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ, ಮೊಸರು ವಾಸಿ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು. ನಾಯಿಗೆ ಏನೂ ಆಗದಿದ್ದರೂ ಅದು ನೆಕ್ಕಿದ ಮಗುವಿಗೆ ಕಾಯಿಲೆ ಬಂದೀತು. ಬೆಂದ ಎಲುಬು ಚೂಪಾಗಿ ಸಿಡಿದು ಕರುಳು ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆರಹಿತ ಚ್ಯೂಯಿಂಗ್‌ಗಮ್‌ನ ಜೈಲಿಟಾಲ್ ಇವೆಲ್ಲ ನಾಯಿಗೆ ವಿಷ. ಹಬ್ಬದ ದಿನ ತುಪ್ಪದ ಹೋಳಿಗೆ, ಕರಿದ ಪೂರಿ ಹಾಕಿ ಮೇದೋಜೀರಕ ಗ್ರಂಥಿ ಊದಿಸುವವರೂ ಇದ್ದಾರೆ. ನೋವಿಗೆಂದು ನಮ್ಮ ಮಾತ್ರೆ ಕೊಡಲೇಬಾರದು. ಅಣ್ಣ ಆ ರಾತ್ರಿ ಪ್ಯಾರಾಸಿಟಮಾಲ್ ಕೈಯಲ್ಲಿ ಹಿಡಿದು ನಿಂತಿದ್ದ, ಪುಣ್ಯಕ್ಕೆ ಕೊಡಲಿಲ್ಲ.

ಕೊನೆಗೆ ಡಾಕ್ಟರರ ಮಾತನ್ನು ತೂಗುವುದು ಹೇಗೆ ಎಂಬ ಪ್ರಶ್ನೆ. ಅಣ್ಣ ಸಿಟ್ಟಿನಲ್ಲಿ, "ಎಲ್ಲಾ ಡಾಕ್ಟರೂ ಚೀಲ ಮಾರವ್ರ" ಎಂದ. ಆದರೆ ನಿಜ ಯೋಚಿಸಿ: ಮೊದಲ ಡಾಕ್ಟರು ಕೊಟ್ಟ ಚೀಲವನ್ನು ಹಾಕಿದ್ದರೂ ಕರಿಯ ಸುಧಾರಿಸುತ್ತಿತ್ತೇನೋ. ಮಾರಿದ್ದು ತಪ್ಪಲ್ಲ, ಕೇಳದೆ ಮಾರಿದ್ದು ತಪ್ಪು. ಯಾಕೆಂದು ಹೇಳದ್ದರಿಂದ ನಾವು ನಂಬಲಿಲ್ಲ. ನಾವೂ ಏನು ಹಾಕುತ್ತಿದ್ದೇವೆಂದು ಬಾಯಿ ಬಿಡಲಿಲ್ಲ. ತಪ್ಪು ಎರಡೂ ಕಡೆಯ ಖಾತೆಗೆ.

ಡಾಕ್ಟರಿಗೇ ಗೊತ್ತಿಲ್ಲದ ಸಂಗತಿಗಳೂ ಇರುತ್ತವೆ. 2018ರ ಜುಲೈಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು: ಧಾನ್ಯವಿಲ್ಲದ, ಬಟಾಣಿ ಬೇಳೆ ಆಲೂಗಡ್ಡೆ ಹೆಚ್ಚಾಗಿರುವ ಆಹಾರ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆಯ ವರದಿ ಬರುತ್ತಿದೆ ಎಂದು. ಧಾನ್ಯವಿಲ್ಲದ್ದೇ ಶ್ರೇಷ್ಠ ಎಂದು ಹೆಚ್ಚಿನ ಬೆಲೆ ತೆತ್ತವರು ಗಾಬರಿಯಾದರು. 2022ರ ಕೊನೆಯ ಹೊತ್ತಿಗೆ ಅದೇ ಇಲಾಖೆ, ಆಹಾರವೇ ಕಾರಣವೆಂದು ಸಿದ್ಧಪಡಿಸಲು ಇರುವ ವರದಿಗಳು ಸಾಲವು ಎಂದು ಹೇಳಿ ಸುಮ್ಮನಾಯಿತು. ಇಂಥಲ್ಲಿ ಒಳ್ಳೆಯ ಡಾಕ್ಟರು "ಇದು ಇನ್ನೂ ತೀರ್ಮಾನವಾಗಿಲ್ಲ; ಕಾರಣವಿಲ್ಲದೆ ಧಾನ್ಯ ಬಿಡಿಸುವ ಅಗತ್ಯವಿಲ್ಲ" ಎಂದಾರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾವು ದಡ್ಡರೆಂದುಕೊಳ್ಳುತ್ತೇವೆ. ಅವರೇ ನಂಬಿಕೆಗೆ ಯೋಗ್ಯರು.

ನಾನು ಕಂಡುಕೊಂಡ ಪ್ರಶ್ನೆಗಳು ಇಷ್ಟು. ಒಂದು, ಹೇಳುವವರು ಪಶುವೈದ್ಯ ಪದವಿ ಓದಿದವರೇ? 1984ರ ಕಾನೂನಿನ ಪ್ರಕಾರ ಪಶುವೈದ್ಯರು ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನಾಯಿ ಮಾರುವವನು, ಕೂದಲು ಕತ್ತರಿಸುವವನು, ಅಂಗಡಿಯವನು ಡಾಕ್ಟರಲ್ಲ. ಎರಡು, ನಾಯಿ ಏನು ತಿನ್ನುತ್ತದೆ ಎಂದು ಕೇಳಿದರೇ, ಮುಟ್ಟಿ ತೂಗಿ ನೋಡಿದರೇ? ಮೂರು, ಯಾಕೆ ಎಂದರೆ ನಮಗೆ ತಿಳಿಯುವ ಹಾಗೆ ಕಾರಣ ಹೇಳುತ್ತಾರೆಯೇ? ನಾಲ್ಕು, ಎಷ್ಟು ದಿನದಲ್ಲಿ ಏನು ಬದಲಾವಣೆ ಕಾಣಬೇಕು, ಕಾಣದಿದ್ದರೆ ಮುಂದೇನು ಎಂದು ಹೇಳಿದರೇ? ಐದು, ಇನ್ನೊಬ್ಬರಿಗೆ ತೋರಿಸುತ್ತೇವೆ ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆಯೇ, ಕಾಗದಪತ್ರ ಕೈಗೆ ಕೊಡುತ್ತಾರೆಯೇ? ಈ ಐದರ ಜತೆ ನಮ್ಮ ಕಡೆಯದು ಆರನೆಯದು: ನಾವು ನಿಜ ಹೇಳಿದೆವೇ?

ಎರಡನೆಯ ಡಾಕ್ಟರು ಮೂರು ವಾರಕ್ಕೆ ನೋವು ಇಳಿಯಬೇಕು, ಆರರಿಂದ ಎಂಟು ವಾರಕ್ಕೆ ಎಕ್ಸ್‌ರೇಯಲ್ಲಿ ಎಲುಬು ಬಿಳಿ ಕಾಣಬೇಕು ಎಂದಿದ್ದರು. ಹೊಸ ಆಹಾರವನ್ನು ಹಳೆಯದರಲ್ಲಿ ಸ್ವಲ್ಪಸ್ವಲ್ಪ ಬೆರೆಸುತ್ತ ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿದೆವು. ಹದಿನೆಂಟನೆಯ ದಿನ ಕರಿಯ ತಾನಾಗಿ ಎದ್ದು ಬಾಗಿಲ ತನಕ ಬಂತು. ಏಳನೆಯ ವಾರದ ಎಕ್ಸ್‌ರೇಯಲ್ಲಿ ಎಲುಬು ಎದ್ದು ಕಂಡಿತು. ಬಿರುಕು ಕೂಡಿತ್ತು. ಆದರೆ ಎಡ ಮುಂಗಾಲು ಸ್ವಲ್ಪ ಸೊಟ್ಟಗೇ ಉಳಿಯಿತು. ಅದು ಇನ್ನು ನೆಟ್ಟಗಾಗದು. ಓಡುವಾಗ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ.

ವೈನಿ ಬಹಳ ದಿನ ನಾಯಿ ಗಂಗಾಳ ಮುಟ್ಟಲೇ ಇಲ್ಲ. "ನನ್ನ ಕೈಯಿಂದನ ಹಿಂಗಾತು" ಎನ್ನುತ್ತಿದ್ದರು. ಡಾಕ್ಟರಮ್ಮ ಒಮ್ಮೆ ಅವರಿಗೆ, "ಅಕ್ಕರೆ ಇಲ್ಲದ ಮನೆಯ ಮರಿ ನನ್ನ ತನಕ ಬರುವುದೇ ಇಲ್ಲ. ನಿಮಗೆ ಅಕ್ಕರೆ ಇತ್ತು, ಅಳತೆ ಇರಲಿಲ್ಲ; ಅಳತೆ ಕಲಿಯಬಹುದು" ಎಂದರು. ಈಗ ನಮ್ಮ ಅಡಿಗೆಮನೆಯಲ್ಲಿ ಒಂದು ಪುಟ್ಟ ತಕ್ಕಡಿ ಇದೆ. ವೈನಿ ದಿನಾ ತೂಗಿ ಹಾಕುತ್ತಾರೆ, ಗೋಡೆಯ ಕ್ಯಾಲೆಂಡರಿನಲ್ಲಿ ಗ್ರಾಂ ಬರೆಯುತ್ತಾರೆ.

ಈ ಕಡೆಯವರಲ್ಲಿ ಮೊದಲ ರೊಟ್ಟಿ ಹಸುವಿಗೆ, ಕೊನೆಯ ರೊಟ್ಟಿ ನಾಯಿಗೆ ಎಂಬ ಪದ್ಧತಿ ಇದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ಊರುಗಳ ಬೀದಿನಾಯಿಗಳಿಗೆ ಕಂಡಕಂಡಲ್ಲಿ ಹಾಕಬಾರದು, ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕು ಎಂದಿತು. ವೈನಿ ಆ ಕೊನೆಯ ರೊಟ್ಟಿ ಬಿಟ್ಟಿಲ್ಲ. ಗೊತ್ತುಪಡಿಸಿದ ಜಾಗಕ್ಕೇ ಒಯ್ಯುತ್ತಾರೆ, ಈರುಳ್ಳಿ ಪಲ್ಯ ಹತ್ತಿದ ರೊಟ್ಟಿಯನ್ನು ಮಾತ್ರ ತೆಗೆದಿಡುತ್ತಾರೆ. ಕರಿಯ ಅವರ ಜತೆ ಸೊಟ್ಟಗಾಲು ಹಾಕುತ್ತ ಹೋಗುತ್ತದೆ. ಗೇಟಿನ ಹತ್ತಿರ ಯಾರೋ "ಕಾಲೂ" ಎಂದು ಕೂಗುತ್ತಾರೆ. ಅದು ಬಾಲ ಅಲ್ಲಾಡಿಸುತ್ತದೆ.